ಹೊಳೆಯ ಕಡೆಗೆ ಬೀಳದ ನೆರಳು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಕಲಿತವರು ಸನ್ಯಾಸಿಗಳಾಗುತ್ತಿರಲಿಲ್ಲ, ಊರೂರಿನ ಶಾಲೆಗಳಿಗೆ ಮೇಷ್ಟರಾಗಿ ಹೋಗುತ್ತಿದ್ದರು.

ಆಶ್ರಮದ ಉತ್ತರಕ್ಕೆ ಹೊಳೆ. ದಕ್ಷಿಣಕ್ಕೆ ಅಡಿಗೆಮನೆ. ನಡುವೆ ಚಪ್ಪಡಿಕಲ್ಲು ಹಾಸಿದ ಅಂಗಳ, ಅಂಗಳದ ನಡುವೆ ಎರಡಾಳೆತ್ತರದ ಒಂದು ಕಂಬ. ಇಷ್ಟನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ನಡೆದದ್ದೆಲ್ಲ ಈ ಹೊಳೆಗೂ ಅಡಿಗೆಮನೆಗೂ ನಡುವೆಯೇ.

ಗುರು ರುದ್ರಮುನಿಗಳು ಯಾರನ್ನೂ ಸುಮ್ಮನೆ ಮೇಷ್ಟರಾಗಿ ಕಳಿಸುತ್ತಿರಲಿಲ್ಲ. ಹೋಗುವವನಿಗೆ ವಿಷಯ ಗೊತ್ತಿದೆಯೇ ಎಂದು ನೋಡುತ್ತಿದ್ದರು. ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ನೋಡುವ ಹಾಗೆ, ಕಲಿತವನನ್ನು ಪ್ರಶ್ನೆಗಳಿಗೆ ಉಜ್ಜಿ ನೋಡುವುದು. ಅದಕ್ಕೇ ಆ ಪರೀಕ್ಷೆಗೆ ಒರೆ ಎಂದು ಹೆಸರು.

ಗೆದ್ದವನ ಕೈಗೆ ಗುರುಗಳು ಒಂದು ಬಳಪ ಇಡುತ್ತಿದ್ದರು. ಬಳಪ ಸಿಕ್ಕವನು ಮೇಷ್ಟರು. ಸಿಗದವನು ಇನ್ನೊಂದು ವರ್ಷ ಶಿಷ್ಯ.

ಈ ಸಲ ಬೊಮ್ಮಯ್ಯನ ಸರದಿ.

ಬೊಮ್ಮಯ್ಯನಿಗೆ ಗುರುಗಳು ಒಮ್ಮೆ ಹೇಳಿದರೆ ಸಾಕು, ಅದು ಕಲ್ಲಿನ ಮೇಲೆ ಕೊರೆದ ಅಕ್ಷರ. ಒಂದು ಮಾತನ್ನೂ ಮರೆತವನಲ್ಲ, ಒಂದು ಮಾತಿಗೂ ಎದುರಾಡಿದವನಲ್ಲ.

ಎದುರಾಡದೆ ಇರುವುದಕ್ಕೆ ಕಾರಣವೂ ಇತ್ತು. ಹಿಂದೆ ಕೊಟ್ರೇಶ ಎಂಬ ಹಿರಿಯ ಶಿಷ್ಯ ಊಟದ ಪಂಕ್ತಿಯಿಂದಲೇ ಎದ್ದು, "ಗುರುಗಳೇ, ನೀವು ನನಗೆ ಹೇಳಿದ್ದು ತಪ್ಪು!" ಎಂದು ಕೂಗಾಡಿದ್ದ. ಮರುದಿನ ಅವನ ಚಾಪೆ ಖಾಲಿ. ಗುರುಗಳು ಓಡಿಸಿಬಿಟ್ಟರು ಎಂದು ಎಲ್ಲರೂ ತಿಳಿದರು. ಯಾರೂ ಕೇಳಲಿಲ್ಲ. ಕೇಳುವ ಧೈರ್ಯ ಯಾರಿಗಿತ್ತು?

ಆ ದಿನ ಬೊಮ್ಮಯ್ಯ ಪಾಠದ ಜೊತೆಗೆ ಬಾಯಿ ಮುಚ್ಚಿಕೊಂಡಿರುವುದನ್ನೂ ಕಲಿತ.

ಒರೆ ಯಾವಾಗಲೂ ಬೆಳಿಗ್ಗೆ, ತಂಪು ಹೊತ್ತಿನಲ್ಲಿ, ಚಾವಡಿಯೊಳಗೆ ನಡೆಯುವುದು ವಾಡಿಕೆ. ಈ ಸಲ ಗುರುಗಳು, "ನಡುಹಗಲಿಗೆ, ಅಂಗಳದಲ್ಲಿ, ಕಂಬದ ಬುಡದಲ್ಲಿ" ಎಂದರು.

ಜ್ಯೇಷ್ಠ ಮಾಸ. ಮಳೆ ಇನ್ನೂ ಹಿಡಿದಿರಲಿಲ್ಲ. ಆ ಬಿಸಿಲಿಗೆ ಅಂಗಳದಲ್ಲಿ ಕಾಗೆಯೂ ಇಳಿಯುತ್ತಿರಲಿಲ್ಲ.

ಬೊಮ್ಮಯ್ಯ ಒದ್ದೆ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಕಂಬಕ್ಕೆ ಬೆನ್ನು ಕೊಟ್ಟು, ಹೊಳೆಯ ಕಡೆ ಮುಖ ಮಾಡಿ ಕುಳಿತ. ಅಂಗಳದ ಪಕ್ಕದ ಚಪ್ಪರದಲ್ಲಿ ಆಶ್ರಮದ ಚಿಕ್ಕ ಮಕ್ಕಳು. ಅವರಿಗೆ ಒಂದು ವರ್ಷದಿಂದ ಪಾಠ ಹೇಳಿದವನು ಅವನೇ. ಮಕ್ಕಳ ಪಕ್ಕದಲ್ಲಿ ಹೊಳೆಯಾಚೆಯ ಹುಲಿಕಟ್ಟೆಯ ಯಜಮಾನ ದ್ಯಾವಪ್ಪ. ತನ್ನ ಊರಿಗೆ ಮೇಷ್ಟರನ್ನು ಕರೆದೊಯ್ಯಲು ಬಂದು ದೋಣಿಯನ್ನು ದಂಡೆಗೆ ಕಟ್ಟಿಸಿದ್ದ.

"ಗುರುಗಳೇ, ನಮ್ಮ ಶಾಲೆ ಬಾಗಿಲಿಗೆ ಜೇಡ ಬಲೆ ಕಟ್ಟಿದೆ" ಎಂದ ದ್ಯಾವಪ್ಪ. "ಮಕ್ಕಳು ಎಮ್ಮೆ ಬಾಲ ಹಿಡಕೊಂಡು ತಿರುಗ್ತಾವೆ. ಇವತ್ತು ಬರಿಗೈಯಲ್ಲಿ ಹೋದರೆ ಹೆಂಗಸರು ನನ್ನನ್ನು ಊರೊಳಕ್ಕೆ ಬಿಡೋದಿಲ್ಲ. ಸ್ವಲ್ಪ ಸಲೀಸು ಪ್ರಶ್ನೆ ಕೇಳಿ."

"ಪ್ರಶ್ನೆ ಸಲೀಸಾಗಿಯೇ ಇರುತ್ತದೆ" ಎಂದರು ಗುರುಗಳು. ತಾಳೆಗರಿಯ ಕೊಡೆ ಹಿಡಿದು ಶಿಷ್ಯನ ಎದುರಿಗೆ ನಿಂತರು.

"ಹುಣ್ಣಿಮೆಯ ಚಂದ್ರ ಮೂಡುವುದು ಯಾವಾಗ?"

"ಸೂರ್ಯ ಮುಳುಗುವ ಹೊತ್ತಿಗೆ."

"ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿಯೇ ತೊಡಿಸುತ್ತಾರೆ, ಏಕೆ?"

"ಕಾದರೆ ಹಿಗ್ಗುತ್ತದೆ, ಸುಲಭವಾಗಿ ಕೂರುತ್ತದೆ. ಆರಿದಾಗ ಕುಗ್ಗಿ ಬಿಗಿಯುತ್ತದೆ."

ಹೀಗೆ ಹತ್ತಾರು ಪ್ರಶ್ನೆ. ಕೇಳುವುದು ಮುಗಿಯುವ ಮೊದಲೇ ಉತ್ತರ. ದ್ಯಾವಪ್ಪ ತೊಡೆ ತಟ್ಟಿಕೊಂಡ. "ಅಬ್ಬಬ್ಬಾ! ಇವನು ಹುರಿದ ಅರಳು ಸಿಡಿದ ಹಾಗೆ ಸಿಡೀತಾನಲ್ಲ! ದೋಣಿಯವನಿಗೆ ಹೇಳಿ, ಹೊರಡೋಣ."

"ಇನ್ನೊಂದಿದೆ" ಎಂದರು ಗುರುಗಳು. "ನಡುಹಗಲಿನಲ್ಲಿ ಕಂಬದ ನೆರಳು ಯಾವ ಕಡೆಗೆ ಬೀಳುತ್ತದೆ?"

ಬೊಮ್ಮಯ್ಯನಿಗೆ ನಗು ಬಂತು. ಇದು ಮೊದಲ ವರ್ಷದ ಪಾಠ. ಪುಷ್ಯ ಮಾಸದ ಹಿತವಾದ ಬಿಸಿಲಿನಲ್ಲಿ ಇದೇ ಕಂಬದ ಬುಡದಲ್ಲಿ ಅವನೊಬ್ಬನನ್ನೇ ಕೂರಿಸಿ ಗುರುಗಳೇ ತೋರಿಸಿದ್ದರು. ಅವನೂ ಕಳೆದ ಪುಷ್ಯದಲ್ಲಿ ಮಕ್ಕಳಿಗೆ ತೋರಿಸಿದ್ದ.

"ಉತ್ತರಕ್ಕೆ. ಹೊಳೆಯ ಕಡೆಗೆ. ವರ್ಷವಿಡೀ, ಯಾವತ್ತೂ."

"ಮಕ್ಕಳೇ, ನಡುಹಗಲ ನೆರಳು ಎಲ್ಲಿ?"

"ಹೊಳೆಯ ಕಡೆಗೆ!" ಎಂದು ಮಕ್ಕಳು ಒಂದೇ ದನಿಯಲ್ಲಿ ಕೂಗಿದರು.

"ಬೊಮ್ಮಯ್ಯ, ಈಗ ಹೊತ್ತೆಷ್ಟು?"

"ಸರಿಯಾಗಿ ನಡುಹಗಲು, ಗುರುಗಳೇ."

"ಹಾಗಾದರೆ ಆ ನೆರಳಿನ ಮೇಲೆ ಕೈ ಇಡು."

ಬೊಮ್ಮಯ್ಯ ಗುರುಗಳ ಮುಖವನ್ನೇ ನೋಡುತ್ತ, ಹೊಳೆಯ ಕಡೆಗೆ ಕೈ ಚಾಚಿ, ಅಂಗೈಯನ್ನು ಚಪ್ಪಡಿಯ ಮೇಲೆ ಊರಿದ.

ಊರಿದ್ದೇ ತಡ, "ಅಮ್ಮಾ!" ಎಂದು ಚೀರಿ ಕೈ ಕಿತ್ತುಕೊಂಡ.

ಕಲ್ಲು ಕಾದ ಹೆಂಚಾಗಿತ್ತು. ನೆರಳಿದ್ದಲ್ಲಿ ಕಲ್ಲು ಹಾಗೆ ಕಾಯುವುದಿಲ್ಲ. ಅಲ್ಲಿ ನೆರಳಿರಲಿಲ್ಲ, ಅದಕ್ಕೇ ಸುಟ್ಟಿತು.

ಅವನು ನಿಧಾನವಾಗಿ ಹಿಂದಕ್ಕೆ ತಿರುಗಿದ. ನೆರಳು ಕಂಬದ ಆ ಬದಿಯಲ್ಲಿ, ಅವನ ಬೆನ್ನ ಹಿಂದೆ, ಮೊಳದುದ್ದ ಬಿದ್ದಿತ್ತು. ಅಡಿಗೆಮನೆಯ ಕಡೆಗೆ.



"ಕಂಬ... ಕಂಬ ವಾಲಿದೆ, ಗುರುಗಳೇ."

"ನೋಡು."

ಬೊಮ್ಮಯ್ಯ ಪಂಚೆಯ ಅಂಚಿನಿಂದ ದಾರ ಕಿತ್ತು, ಅದಕ್ಕೆ ಕಲ್ಲು ಕಟ್ಟಿ, ಕಂಬದ ಪಕ್ಕಕ್ಕೆ ಇಳಿಬಿಟ್ಟ. ದಾರಕ್ಕೂ ಕಂಬಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ.

"ಹಾಗಾದರೆ ಹೊತ್ತು ಸರಿಯಿಲ್ಲ. ಇನ್ನೂ ನಡುಹಗಲಾಗಿಲ್ಲ."

"ಕಾಯೋಣ."

ಕಾದರು. ನೆರಳು ಪೂರ್ವದ ಕಡೆಗೆ ಮೆಲ್ಲಗೆ ಜರುಗಿತು. ಹೊಳೆಯ ಕಡೆಗೆ ತಲೆ ಹಾಕಿಯೂ ಮಲಗಲಿಲ್ಲ.

ದ್ಯಾವಪ್ಪ ಎದ್ದು ನಿಂತು ಕೈ ಮುಗಿದ. "ಏನಪ್ಪಾ ಇದು ಅಪಶಕುನ! ಸೂರ್ಯನೇ ದಾರಿ ತಪ್ಪಿದನೇ?"

"ಹೌದಲ್ಲ" ಎಂದರು ಗುರುಗಳು. "ಬೊಮ್ಮಯ್ಯನಿಗೆ ಪಾಠ ಬಾಯಿಪಾಠವಿದೆ. ಸೂರ್ಯನನ್ನೇ ನಪಾಸು ಮಾಡಿಬಿಡೋಣವೇ?"

ಬೊಮ್ಮಯ್ಯ ತಲೆ ತಗ್ಗಿಸಿದ. ಇಷ್ಟು ವರ್ಷ ಈ ಅಂಗಳದಲ್ಲೇ ಓಡಾಡಿದ್ದಾನೆ. ಆದರೆ ಬೇಸಿಗೆಯ ನಡುಹಗಲಿನಲ್ಲಿ ಎಲ್ಲರೂ ಅಡಿಗೆಮನೆಯೊಳಗೆ ಸಾರಿನ ಮೇಲೆ ಕಣ್ಣಿಟ್ಟು ಕೂತಿರುತ್ತಿದ್ದರು. ನೆರಳಿನ ಪಾಠ ಚಳಿಗಾಲದ್ದು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕಿರುತ್ತಾನೆ, ನೆರಳು ಹೊಳೆಯ ಕಡೆಗೇ ಬೀಳುತ್ತದೆ. ಈ ದಿನಗಳಲ್ಲಿ ಅವನು ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ, ನೆರಳು ಅಡಿಗೆಮನೆಯ ಕಡೆಗೆ ತಿರುಗುತ್ತದೆ. ತಲೆಯೆತ್ತಿದ್ದರೆ ಕಾಣುತ್ತಿತ್ತು.

"ನೆರಳು ಯಾವತ್ತೂ ಉತ್ತರಕ್ಕೆ ಎಂದು ನಿನಗೆ ಕಲಿಸಿದವರು ಯಾರು?"

ಬೊಮ್ಮಯ್ಯ ಸುಟ್ಟ ಅಂಗೈಯನ್ನು ಒದ್ದೆ ಪಂಚೆಗೆ ಒತ್ತಿಕೊಂಡ.

"ಹೇಳಯ್ಯಾ."

"ನೀವೇ, ಗುರುಗಳೇ."

"ಹೌದು, ನಾನೇ. ತಪ್ಪೆಂದು ಗೊತ್ತಿದ್ದೇ ಕಲಿಸಿದೆ."

 ಕಲ್ಲು ಬೊಮ್ಮಯ್ಯನ ಅಂಗೈಯನ್ನು ಮಾತ್ರ ಸುಟ್ಟಿತ್ತು, ಈ ಮಾತು ಅವನನ್ನೇ ಸುಟ್ಟಿತು.

"ಸುಳ್ಳು ಹೇಳಿದಿರಾ? ನೀವು? ನನಗೆ?"

"ಇಲ್ಲಿಗೆ ಬರುವ ಪ್ರತಿಯೊಬ್ಬನಿಗೂ ಮೊದಲ ವರ್ಷದಲ್ಲಿ ಒಂದು ಸುಳ್ಳು ಕಲಿಸುತ್ತೇನೆ. ಒಬ್ಬನಿಗೆ ಕೊಟ್ಟದ್ದು ಇನ್ನೊಬ್ಬನಿಗಿಲ್ಲ. ನನ್ನ ಗುರುಗಳು ನನಗೂ ಒಂದು ಕಲಿಸಿದ್ದರು. ನಾನು ಕೊಟ್ಟ ಸುಳ್ಳನ್ನು ಶಿಷ್ಯ ತಾನಾಗಿ ಹಿಡಿದು, ನನ್ನ ಮುಖಕ್ಕೇ ಇದು ತಪ್ಪು ಅನ್ನುವುದಿದೆಯಲ್ಲ, ಅದೇ ಒರೆ. ಮಿಕ್ಕ ಪ್ರಶ್ನೆಗಳೆಲ್ಲ ಊರಿನವರ ಸಮಾಧಾನಕ್ಕೆ."

"ಹಾಗಾದರೆ ಕೊಟ್ರೇಶ..."

"ಪಂಕ್ತಿಯಲ್ಲಿ ನನ್ನನ್ನು ಬಾಯಿಗೆ ಬಂದಂತೆ ಬೈದ. ಊಟ ಮುಗಿಯುವವರೆಗೂ ತಡೆಯಲಿಲ್ಲ ಪುಣ್ಯಾತ್ಮ. ಬೆಳಗಾಗುತ್ತಲೇ ಬಳಪ ಕೊಟ್ಟು ಕಳಿಸಿದೆ. ಈಗ ಘಟ್ಟದ ಕೆಳಗೆ ಮೇಷ್ಟರು. ಅವನೆಲ್ಲಿ ಹೋದ ಎಂದು ನಿಮ್ಮಲ್ಲಿ ಒಬ್ಬನಾದರೂ ಕೇಳುತ್ತೀರಿ ಎಂದು ಕಾದೆ."

ಬೊಮ್ಮಯ್ಯ ಮತ್ತೆ ಕಂಬದ ಬುಡದಲ್ಲಿ ಕುಳಿತ.

"ನಿನಗೆ ಬಳಪವಿಲ್ಲ" ಎಂದರು ಗುರುಗಳು. ದ್ಯಾವಪ್ಪ ತಲೆ ಮೇಲೆ ಕೈ ಹೊತ್ತು ಕುಸಿದ. "ಅಯ್ಯೋ, ನಮ್ಮ ಮಕ್ಕಳ ಹಣೆಬರಹವೇ! ಒಂದು ನೆರಳಿಗೋಸ್ಕರ..."

ಆದರೆ ಬೊಮ್ಮಯ್ಯನಿಗೆ ಆ ಮಾತು ಕೇಳಿಸಲಿಲ್ಲ. ಅವನು ಚಪ್ಪರದ ಕಡೆ ನೋಡುತ್ತಿದ್ದ. ಅವನ ಕಿವಿಯಲ್ಲಿ ಮಕ್ಕಳು ಇನ್ನೂ ಹೊಳೆಯ ಕಡೆಗೆ, ಹೊಳೆಯ ಕಡೆಗೆ ಎಂದು ಕೂಗುತ್ತಿದ್ದರು. ಹಾಗೆ ಕೂಗಲು ಕಲಿಸಿದವನು ಅವನು. ಗುರುಗಳು ಗೊತ್ತಿದ್ದು ಕಲಿಸಿದ್ದರು. ಅವನು ಗೊತ್ತಿಲ್ಲದೆ ಕಲಿಸಿದ್ದ.

ಅವನು ಎದ್ದು ಮಕ್ಕಳ ಮುಂದೆ ನಿಂತ.

"ಮಕ್ಕಳೇ, ನಾನು ನಿಮಗೆ ಹೇಳಿದ ನೆರಳಿನ ಪಾಠ ತಪ್ಪು. ನಾನು ಕೇಳಿದ್ದನ್ನು ಹೇಳಿದೆ, ನೋಡಿ ಹೇಳಲಿಲ್ಲ. ಎದ್ದು ಬಂದು ನೋಡಿ."

ಮಕ್ಕಳು ಮಿಸುಕಲಿಲ್ಲ. ಮುಂದಿನ ಸಾಲಿನ ಒಂದು ಹುಡುಗಿ ಮಾತ್ರ ಮೆಲ್ಲಗೆ ಹೇಳಿದಳು: "ನಂಗೆ ಆಗಲೇ ಕಂಡಿತ್ತು ಅಣ್ಣಾ."

"ಏನು ಕಂಡಿತ್ತು?"

"ನೆರಳು. ಅಡಿಗೆಮನೆ ಕಡೆ ಇತ್ತು."

"ಮತ್ತೆ ಹೊಳೆಯ ಕಡೆಗೆ ಅಂತ ಕೂಗಿದೆಯಲ್ಲಮ್ಮಾ?"

"ನೀವು ಬೈತೀರಿ ಅಂತ."

ಬೊಮ್ಮಯ್ಯ ಸುಡುವ ಕಲ್ಲಿನ ಮೇಲೆಯೇ ಅವಳ ಮುಂದೆ ಮಂಡಿಯೂರಿದ. ಕೊಟ್ರೇಶನ ಖಾಲಿ ಚಾಪೆ ನೋಡಿ ತಾನು ಕಲಿತದ್ದನ್ನು, ಈ ಮಗು ತನ್ನ ಮುಖ ನೋಡಿ ಕಲಿತಿತ್ತು.

"ಕೇಳು ತಾಯಿ. ನಾನು ಹೇಳುವುದೊಂದು, ನಿನಗೆ ಕಾಣುವುದೊಂದು ಆದರೆ, ಗಟ್ಟಿಯಾಗಿ ಹೇಳು. ಊಟಕ್ಕೆ ಕೂತಿದ್ದರೂ ಎಬ್ಬಿಸಿ ಹೇಳು. ನಾನು ಬೈಯುವುದಿಲ್ಲ. ಈಗ ನೀನು ಇವರಿಗೆಲ್ಲ ನೆರಳು ಎಲ್ಲಿದೆ ತೋರಿಸು, ನಾನೂ ನೋಡುತ್ತೇನೆ."

ಹುಡುಗಿ ಓಡಿಹೋಗಿ ಅಡಿಗೆಮನೆಯ ಕಡೆಗೆ ಬಿದ್ದ ನೆರಳಿನ ಮೇಲೆ ನಿಂತಳು. ಮಕ್ಕಳೆಲ್ಲ ಹೋ ಎಂದು ಅವಳ ಹಿಂದೆ ನುಗ್ಗಿದರು.

ಗುರುಗಳು ಅದನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಸೊಂಟದಿಂದ ಬಳಪ ತೆಗೆದು, ಎರಡು ಕೈಯಲ್ಲಿ ಹಿಡಿದು, ಲಟಕ್ಕನೆ ಮುರಿದರು. ಅರ್ಧವನ್ನು ಶಿಷ್ಯನ ಸುಟ್ಟ ಅಂಗೈಯಲ್ಲಿಟ್ಟರು. ಬಳಪ ತಣ್ಣಗಿತ್ತು.

"ಹುಲಿಕಟ್ಟೆಗೆ ಹೋಗು. ಸುಳ್ಳನ್ನು ನೀನು ಹಿಡಿಯಲಿಲ್ಲ, ಅದಕ್ಕೆ ಪೂರ್ತಿ ಕೊಡಲಾರೆ. ಮಕ್ಕಳ ಮುಂದೆ ತಪ್ಪು ಒಪ್ಪಿಕೊಂಡೆಯಲ್ಲ, ಅದಕ್ಕೆ ಅರ್ಧ."

ದ್ಯಾವಪ್ಪ ಎಲ್ಲಿ ಮನಸ್ಸು ಬದಲಾಗುತ್ತದೋ ಎಂದು ಬೊಮ್ಮಯ್ಯನ ಗಂಟನ್ನು ತಾನೇ ಹೆಗಲಿಗೇರಿಸಿ ದೋಣಿಯ ಕಡೆ ಓಡಿದ. "ಅರ್ಧ ಬಳಪ ಆದರೇನು, ಮೇಷ್ಟರು ಇಡಿಯಾಗಿದ್ದಾರಲ್ಲ!"

ಬೊಮ್ಮಯ್ಯ ಗುರುಗಳ ಕಾಲು ಮುಟ್ಟಿ ಎದ್ದ. ನೀರಿನ ಅಂಚಿಗೆ ಹೋಗಿ ದೋಣಿಗೆ ಒಂದು ಕಾಲಿಟ್ಟವನು ಹಿಂತಿರುಗಿ ನೋಡಿದ.

"ಉಳಿದರ್ಧ ಯಾವಾಗ, ಗುರುಗಳೇ?"

"ನಾನು ಕಲಿಸಿದ್ದರಲ್ಲಿ ಇನ್ನೊಂದು ತಪ್ಪನ್ನು ಹಿಡಿದು ತಂದ ದಿನ."

ಬೊಮ್ಮಯ್ಯ ದೋಣಿಗೆ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದ. 

"ಸುಳ್ಳು ಒಂದೇ ಅಂದಿರಲ್ಲ, ಗುರುಗಳೇ?"

"ಬೇಕೆಂದು ಹೇಳಿದ್ದು ಒಂದೇ, ಬೊಮ್ಮಯ್ಯ."