ನಡುಹೊಳೆಯಲ್ಲಿ ಎಲೆಯಡಿಕೆ

"ಆ ಹುಡುಗಿಗೆ ಇಷ್ಟೊಂದು ಹೆಸರು ಬಂದಿದೆಯಲ್ಲ ಗುರುಗಳೇ, ಅದಕ್ಕೆ ಅವಳು ಯೋಗ್ಯಳೇ?"

ಶ್ರೀವತ್ಸ ಈ ಪ್ರಶ್ನೆಯನ್ನು ದಾರಿಯುದ್ದಕ್ಕೂ ಬಾಯಲ್ಲೇ ಇಟ್ಟುಕೊಂಡು ಬಂದಿದ್ದ. ಗುರುಗಳಿಗೆ ನಮಸ್ಕಾರ ಮಾಡಿ, ತಂದ ಹಣ್ಣನ್ನು ತಟ್ಟೆಯಲ್ಲಿಟ್ಟು, ಪಡಸಾಲೆಯ ಚಾಪೆಯ ಮೇಲೆ ಕುಳಿತ ಮೇಲೆ ಅದನ್ನು ಹೊರಗೆ ಬಿಟ್ಟ. ಬಿಟ್ಟ ಮೇಲೆ ಮನಸ್ಸು ಹಗುರವಾಗಬೇಕಿತ್ತು. ಆಗಲಿಲ್ಲ.

ಯಾವ ಹುಡುಗಿ ಎಂದು ಗುರುಗಳು ಕೇಳಿದರು.

ಅವನು ಚೀಲದಿಂದ ಒಂದು ಪತ್ರಿಕೆಯನ್ನು ತೆಗೆದು ಅವರ ಮುಂದಿಟ್ಟ. ಹತ್ತು ದಿನಗಳ ಹಿಂದೆ ಸಂಗೀತ ಸಭೆಯ ವಾರ್ಷಿಕೋತ್ಸವದಲ್ಲಿ ಅವನ ಕಛೇರಿ ನಡೆದಿತ್ತು. ಪಿಟೀಲಿಗೂ ಮೃದಂಗಕ್ಕೂ ಅವನ ಹದಿನೈದು ವರ್ಷಗಳ ಜೊತೆಗಾರರೇ ಇದ್ದರು. ಈ ಸಲ ಏನಾದರೂ ಹೊಸತು ಇರಲಿ ಎಂದು ಸಭೆಯವರು ಬೇಸ್ ಗಿಟಾರ್ ನುಡಿಸುವ ಒಬ್ಬ ಹುಡುಗಿಯನ್ನು ಅವರ ಜೊತೆಗೆ ಕೂರಿಸಿದ್ದರು. ಹೆಸರು ಜೆಸಿಂತಾ ಲೋಬೊ. ಮಂಗಳೂರಿನವಳು, ವಯಸ್ಸು ಇಪ್ಪತ್ತೆರಡು, ಚರ್ಚಿನ ಗಾಯಕವೃಂದಕ್ಕೆ ನುಡಿಸುತ್ತಾ ಬೆಳೆದವಳು. ಪತ್ರಿಕೆಯಲ್ಲಿ ಅರ್ಧ ಪುಟದಷ್ಟು ದೊಡ್ಡ ಪಟ ಬಂದದ್ದು ಶ್ರೀವತ್ಸನದು. ಬರೆದದ್ದೆಲ್ಲ ಜೆಸಿಂತಾಳ ಬಗ್ಗೆ. ವಿಮರ್ಶಕರು ಅವನ ಪಾಲಿಗೆ ಒಂದೇ ಒಂದು ವಾಕ್ಯ ಉಳಿಸಿದ್ದರು: 'ಶ್ರೀವತ್ಸ ಎಂದಿಗಿಂತ ಬಿಡುಬೀಸಾಗಿ ಹಾಡಿದರು.' ಆ ವಾಕ್ಯಕ್ಕಾಗಿ ಅವನು ತೆರೆದು ಓದಿ, ಮಡಿಸಿ, ಮತ್ತೆ ತೆರೆದು ಮಾಡಿದ್ದರಿಂದ ಪತ್ರಿಕೆ ಮಡಿಕೆಯಲ್ಲಿ ಹರಿಯತೊಡಗಿತ್ತು.

ಪತ್ರಿಕೆಯ ಮಾತಷ್ಟೇ ಆಗಿದ್ದರೆ ಅವನು ನುಂಗಿಕೊಳ್ಳುತ್ತಿದ್ದ. ಆದರೆ ಸಭೆಯವರು ಪ್ರತಿವರ್ಷ ಮೂವತ್ತರೊಳಗಿನ ಒಬ್ಬ ಕಲಾವಿದರನ್ನು ಆರಿಸಿ, ಮುಂದಿನ ಉತ್ಸವದಲ್ಲಿ ಅವರಿಗೇ ಮೀಸಲಾದ ಒಂದು ಸಂಜೆಯನ್ನು ಕೊಡುತ್ತಾರೆ. ಆ ವೇದಿಕೆ ಹತ್ತಿ ಇಳಿದವರು ಆಮೇಲೆ ಅವಕಾಶಕ್ಕಾಗಿ ಯಾರ ಬಾಗಿಲನ್ನೂ ತಟ್ಟಿದ್ದಿಲ್ಲ. ಈ ಸಲ ಜೆಸಿಂತಾಳ ಹೆಸರು ಬಂದಿತ್ತು. ಅವಳೊಡನೆ ವೇದಿಕೆಯಲ್ಲಿ ಕುಳಿತವರು ನೀವು, ನೀವು ಎರಡು ಸಾಲು ಬರೆದುಕೊಟ್ಟರೆ ಅದೇ ತೀರ್ಮಾನ ಎಂದು ಅಧ್ಯಕ್ಷರು ಫೋನು ಮಾಡಿದ್ದರು. ಯೋಗ್ಯಳು ಎಂದು ಬರೆದರೆ ಆ ಸಂಜೆ ಅವಳದು, ಅಲ್ಲ ಎಂದರೆ ಇನ್ನೊಬ್ಬರದು. ನಾಳೆಯೊಳಗೆ ಕೊಡಬೇಕು.

ಬಿಳಿ ಹಾಳೆ ಅವನ ಚೀಲದಲ್ಲೇ ಇತ್ತು. ನಿಜ ಹೇಳಬೇಕೆಂದರೆ, ಗುರುಗಳ ಬಾಯಿಂದ 'ಅಲ್ಲ' ಎಂಬ ಮಾತು ಹೊರಟರೆ ಅದನ್ನೇ ಹಾಳೆಗೆ ಇಳಿಸಿ, ಪಾಪವನ್ನು ಗುರುಗಳ ತಲೆಗೆ ಕಟ್ಟಿ, ಮನೆಗೆ ಹೋಗಿ ನೆಮ್ಮದಿಯಾಗಿ ಊಟ ಮಾಡಬಹುದು ಎಂದು ಅವನು ಬಂದಿದ್ದ. ಶ್ರೀವತ್ಸ ಕೆಟ್ಟವನಲ್ಲ. ಹೊಟ್ಟೆಕಿಚ್ಚು ಬಂದಾಗ ಒಳ್ಳೆಯವರೂ ಗುರುಗಳ ಮನೆಗೆ ಹಣ್ಣು ತೆಗೆದುಕೊಂಡು ಹೋಗುತ್ತಾರೆ.

ಗುರುಗಳು ಹಣ್ಣಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಶ್ರೀವತ್ಸ ಮಾತಾಡುತ್ತಲೇ ಹೋದ. ಅವಳ ವಾದ್ಯಕ್ಕೆ ಇರುವುದೇ ನಾಲ್ಕು ದಪ್ಪ ತಂತಿ ಎಂದ. ಇಡೀ ಸಂಜೆ ಅವಳು ತಾಳದ ಎಣಿಕೆಗೆ ತಗ್ಗಿನ ಸ್ವರಗಳನ್ನು ಒಂದೊಂದಾಗಿ ಮೀಟುತ್ತಾ ಕುಳಿತಿದ್ದಳು, ಬೆರಗಾಗುವಂಥ ಒಂದು ಓಟವಿಲ್ಲ, ಒಂದು ಜಾರಿಕೆಯಿಲ್ಲ ಎಂದ. ನಡುವೆ ತಾನೇ ದೊಡ್ಡ ಮನಸ್ಸು ಮಾಡಿ, ನೀನೊಂದಿಷ್ಟು ಒಬ್ಬಳೇ ನುಡಿಸು ಎಂದು ಸನ್ನೆ ಮಾಡಿದರೆ ನಕ್ಕು ತಲೆಯಾಡಿಸಿಬಿಟ್ಟಳು ಎಂದ. ಚಿಕ್ಕ ವಯಸ್ಸಿನ ಹುಡುಗಿ, ಅವಳಷ್ಟೇ ಉದ್ದ ಕಾಣುವ ವಾದ್ಯ, ನೋಡಿದವರಿಗೆ ಅದೇ ಒಂದು ಸೋಜಿಗ. ಅದೇ ಜಾಗದಲ್ಲಿ ಒಬ್ಬ ಮೀಸೆಯ ಗಂಡಸು ಕುಳಿತು ಅದನ್ನೇ ನುಡಿಸಿದ್ದರೆ ಯಾರಾದರೂ ತಿರುಗಿ ನೋಡುತ್ತಿದ್ದರೇ ಎಂದ. ಇದು ಕಣ್ಣು ತಟ್ಟಿದ ಚಪ್ಪಾಳೆಯೇ ಹೊರತು ಕಿವಿ ತಟ್ಟಿದ್ದಲ್ಲ ಎಂದ. ಈ ಕೊನೆಯ ಮಾತು ಅವನಿಗೇ ಬಹಳ ಹಿಡಿಸಿತು. ಇನ್ನೊಮ್ಮೆ ಹೇಳಿದ.

ಅಭ್ಯಾಸದ ದಿನದ ಸಂಗತಿಯನ್ನೂ ಹೇಳಿದ. ಕಛೇರಿಗೆ ಮೂರು ದಿನ ಮುಂಚೆ ಅವಳು ಅವನ ಮನೆಗೆ ಬಂದಿದ್ದಳು. ಅವನ ಹಳೆಯ ಕಛೇರಿಗಳ ಧ್ವನಿಮುದ್ರಣಗಳನ್ನೆಲ್ಲ ಹುಡುಕಿ ಕೇಳಿಕೊಂಡು ಬಂದಿದ್ದಳು. ಯಾವ ರಾಗ, ಯಾವ ಕಾಲ ಎಂದು ಏನನ್ನೂ ವಿಚಾರಿಸಲಿಲ್ಲ. ಪುಸ್ತಕ ತೆರೆದಿಟ್ಟುಕೊಂಡು ಒಂದೇ ಮಾತು ಕೇಳಿದಳು.

"ನೀವು ಉಸಿರು ತೆಗೆದುಕೊಳ್ಳುವುದು ಎಲ್ಲೆಲ್ಲಿ ಸರ್?"

ಇದನ್ನು ಹೇಳಿ ಶ್ರೀವತ್ಸ ನಕ್ಕ. ಗುರುಗಳು ನಗಲಿಲ್ಲ.

ಆಮೇಲೆ ಅವನು ತನ್ನ ಹಾಡಿಕೆಗೆ ಬಂದ. ಅವತ್ತಿನ ಪಲ್ಲವಿ ಏಳೆಣಿಕೆಯ ತಾಳದ್ದು. ಎಷ್ಟೋ ಸಲ ಹಾಡಿದ್ದೇ. ಆದರೆ ಅವತ್ತು ಬಂದ ಹಾಗೆ ಎಂದೂ ಬಂದಿರಲಿಲ್ಲ. ಎಲ್ಲೆಲ್ಲೋ ಸುತ್ತಿ ಬಂದು, ಹೊರಟ ಜಾಗಕ್ಕೇ ಸರಿಯಾಗಿ ಬಂದು ನಿಂತಾಗ ತನ್ನ ಮೈಯೇ ಜುಂ ಎಂದಿತು ಎಂದು ಹೇಳುವಾಗ ಅವನ ಮುಖ ಅರಳಿತು. ಹೊಟ್ಟೆಕಿಚ್ಚು ಕೂಡ ಒಂದು ಗಳಿಗೆ ಮರೆತುಹೋಯಿತು. ಅಷ್ಟು ಹಾಡಿದವನನ್ನು ಬಿಟ್ಟು ಜನ ಆ ಹುಡುಗಿಯನ್ನು ಹೊಗಳಿದರಲ್ಲ ಎಂದು ನೆನಪಾದ ಮೇಲೆ ಮುಖ ಮತ್ತೆ ಮೊದಲಿನಂತಾಯಿತು.

ಮಾತಾಡುವಾಗಲೂ ಅವನ ಬಲಗೈ ತೊಡೆಯನ್ನು ಮೆಲ್ಲಗೆ ತಟ್ಟುತ್ತಲೇ ಇತ್ತು. ಅದು ಚಿಕ್ಕಂದಿನ ರೂಢಿ. ಹಾಡುವವರು ತಾಳ ಹಾಕುವುದು ತಪ್ಪಲ್ಲ, ಎಲ್ಲರೂ ಹಾಕುತ್ತಾರೆ. ಶ್ರೀವತ್ಸ ಹಾಕುತ್ತಿರಲಿಲ್ಲ, ಹಿಡಿದುಕೊಳ್ಳುತ್ತಿದ್ದ. ಒಮ್ಮೆ ಹನ್ನೊಂದನೆಯ ವಯಸ್ಸಿನಲ್ಲಿ ತುಂಬಿದ ಸಭೆಯಲ್ಲಿ ತಾಳ ತಪ್ಪಿ ಅತ್ತುಬಿಟ್ಟಿದ್ದವನು, ಅಂದಿನಿಂದ ಎಂಥ ಮೃದಂಗದವರು ಪಕ್ಕದಲ್ಲಿದ್ದರೂ ಕೈ ಸಡಿಲ ಬಿಡಲಿಲ್ಲ. ಕಛೇರಿ ಮುಗಿಯುವ ಹೊತ್ತಿಗೆ ತೊಡೆ ಕೆಂಪಾಗಿರುತ್ತಿತ್ತು. ಅವನ ಪಂಚೆಗಳು ಅದೊಂದು ಜಾಗದಲ್ಲೇ ಮೊದಲು ಸವೆಯುತ್ತವೆ ಎಂದು ಅವನ ಹೆಂಡತಿ ಹೇಳಿಕೊಂಡು ನಗುವುದುಂಟು. ತಾಳವೇನು ಹಗ್ಗ ಬಿಚ್ಚಿದ ಕರುವಲ್ಲಪ್ಪ, ಬಿಟ್ಟರೆ ಓಡಿಹೋಗುವುದಿಲ್ಲ ಎಂದು ಗುರುಗಳು ಇಪ್ಪತ್ತು ವರ್ಷ ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದರು.

ಗುರುಗಳು ಪತ್ರಿಕೆಯನ್ನು ಹತ್ತಿರಕ್ಕೆಳೆದುಕೊಂಡರು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಬರಹಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ. ಕನ್ನಡಕ ತೆಗೆದಿಟ್ಟು, ಒಂದು ಕತೆ ಹೇಳುತ್ತೇನೆ ಕೇಳು ಎಂದರು.

ಒಂದು ಹೊಳೆ. ಆಚೆ ದಡದಲ್ಲಿ ವಾರಕ್ಕೊಂದು ಸಂತೆ. ಒಬ್ಬ ಬಟ್ಟೆ ವ್ಯಾಪಾರಿ ಪ್ರತಿವಾರ ಗಂಟು ಹೊತ್ತು ಹರಿಗೋಲಿನಲ್ಲಿ ಹೊಳೆ ದಾಟುತ್ತಿದ್ದ. ಅವನಿಗೆ ನೀರೆಂದರೆ ಭಯ. ಹರಿಗೋಲು ಹತ್ತಿ ಕುಳಿತನೆಂದರೆ ಎರಡೂ ಕೈಯಲ್ಲಿ ಅದರ ಅಂಚನ್ನು ಗಟ್ಟಿಯಾಗಿ ಹಿಡಿಯುವನು. ಆಚೆ ದಡ ಮುಟ್ಟುವ ತನಕ ಬಿಡನು. ಮೂಗಿನ ಮೇಲೆ ನೊಣ ಕುಳಿತರೂ ಅದು ತಾನಾಗಿ ಏಳುವವರೆಗೆ ಕಾಯುವನು.

ಈ ವ್ಯಾಪಾರಿಗೆ ಎಲೆಯಡಿಕೆಯ ಚಟ. ಸೊಂಟದಲ್ಲಿ ಎಲೆಯಡಿಕೆಯ ಸಂಚಿ ಸದಾ ಇರುತ್ತಿತ್ತು. ನೆಲದ ಮೇಲೆ ಅವನ ಬಾಯಿ ಬಿಡುವಾಗಿದ್ದುದನ್ನು ಯಾರೂ ಕಂಡಿಲ್ಲ. ಆದರೆ ಹೊಳೆಯಲ್ಲಿ ಅವನು ಎಲೆ ಹಾಕುತ್ತಿರಲಿಲ್ಲ. ಎಲೆಯ ನರ ತೆಗೆದು ಸುಣ್ಣ ಹಚ್ಚಿ ಮಡಿಸುವುದಕ್ಕೆ ಎರಡು ಕೈ ಬೇಕು. ಅವನ ಎರಡು ಕೈಗೂ ಅಲ್ಲಿ ಬೇರೆ ಕೆಲಸವಿತ್ತು. ಹಾಗಾಗಿ ಹತ್ತುವ ಮುಂಚೆ ಉಗುಳಿ, ಒಣ ಬಾಯಲ್ಲಿ ಹೋಗಿ, ಆಚೆ ದಡದಲ್ಲಿ ಇಳಿದು ಸಂಚಿ ಬಿಚ್ಚುವನು. ಮೂವತ್ತು ವರ್ಷ ಹೀಗೇ ನಡೆಯಿತು.

ಅಂಬಿಗನಿಗೆ ವಯಸ್ಸಾಯಿತು. ತೋಳು ಸೋತು ಆಚೆ ದಡದಲ್ಲಿ ಕುಳಿತ. ಅವನ ಮಗಳು ಹುಟ್ಟು ಹಿಡಿದಳು. ಒಂದು ವರ್ಷದೊಳಗೆ ಸುತ್ತಲ ಊರುಗಳಲ್ಲೆಲ್ಲ ಅವಳದೇ ಮಾತು. ಹೊಳೆ ದಾಟಿದರೆ ಆ ಹುಡುಗಿಯ ಹರಿಗೋಲಿನಲ್ಲಿ ದಾಟಬೇಕು ಎನ್ನುವರು. ಬಸುರಿಯರು, ಹಾಲಿನ ಗಡಿಗೆ ಹೊತ್ತವರು, ಬೇರೆ ಹರಿಗೋಲು ಖಾಲಿ ಇದ್ದರೂ ಅವಳಿಗಾಗಿ ಕಾಯುವರು. ವ್ಯಾಪಾರಿಗೆ ಇದು ಸರಿಬರಲಿಲ್ಲ. ಹೆಣ್ಣುಮಗಳು ಹುಟ್ಟು ಹಾಕುವುದನ್ನು ಕಂಡು ಮರುಳಾಗಿದ್ದಾರೆ, ಇದರಲ್ಲಿ ಎಷ್ಟು ಹುರುಳಿದೆ ಎಂದು ನಾನೇ ನೋಡುತ್ತೇನೆ ಎಂದುಕೊಂಡು ಒಂದು ವಾರ ಅವಳ ಹರಿಗೋಲು ಹತ್ತಿದ.

ಅವಳು ಕೂಗಲಿಲ್ಲ, ಏದುಸಿರು ಬಿಡಲಿಲ್ಲ. ನಡುಹೊಳೆಯ ಸೆಳವಿನಲ್ಲಿ ಅವಳಪ್ಪ ಎದ್ದು ನಿಂತು ಹೆಣಗಾಡುತ್ತಿದ್ದ ಜಾಗದಲ್ಲಿ ಅವಳು ಕುಳಿತೇ ಇದ್ದಳು. ಹುಟ್ಟನ್ನು ಇಲ್ಲೊಮ್ಮೆ ಅದ್ದಿದಳು, ಅಲ್ಲೊಮ್ಮೆ ಅದ್ದಿದಳು. ವ್ಯಾಪಾರಿ ಅವಳ ಕೈಯ ಮೇಲಿಟ್ಟ ಕಣ್ಣನ್ನು ಕೀಳಲಿಲ್ಲ. ಕೀಳದೆ ನೋಡಿಯೂ ಅವನಿಗೆ ಹೆಚ್ಚುಗಾರಿಕೆ ಯಾವುದೂ ಕಾಣಲಿಲ್ಲ. ದಡ ಬಂತು. ಇಳಿದ.

ದಡದಲ್ಲಿ ಮುದುಕ ಅಂಬಿಗ ಹಳೆಯ ಹರಿಗೋಲಿನ ತೊಗಲು ಹೊಲಿಯುತ್ತಿದ್ದ. ವ್ಯಾಪಾರಿ ನೇರ ಅವನ ಹತ್ತಿರ ಹೋಗಿ ನಿಂತ.

"ಬೇಜಾರು ಮಾಡಿಕೊಳ್ಳಬೇಡ. ಜನ ನಿನ್ನ ಮಗಳನ್ನು ಸುಮ್ಮನೆ ಹೊಗಳುತ್ತಾರೆ. ನಾನು ಕಣ್ಣಿಟ್ಟು ನೋಡಿದೆ, ಅವಳು ಏನೂ ಮಾಡಲಿಲ್ಲ. ಹೊಳೆಯೇ ನಮ್ಮನ್ನು ದಾಟಿಸಿತು."

ಮುದುಕ ತಲೆಯೆತ್ತಿ ಅವನ ಮುಖವನ್ನು ನೋಡಿದ.

"ಇರಬಹುದು ಸಾಹುಕಾರರೇ. ಬಾಯಿ ಕೆಂಪಗಾಗಿದೆಯಲ್ಲ, ಎಲೆ ಎಲ್ಲಿ ಹಾಕಿಕೊಂಡಿರಿ?"

ವ್ಯಾಪಾರಿ ಸೊಂಟದ ಸಂಚಿಯನ್ನು ಮುಟ್ಟಿ ನೋಡಿಕೊಂಡ. ಅದರ ಬಾಯಿ ಬಿಚ್ಚಿತ್ತು. ಬೆರಳ ತುದಿಯಲ್ಲಿ ಸುಣ್ಣವಿತ್ತು. ತಿರುಗಿ ನಡುಹೊಳೆಯ ಕಡೆ ನೋಡಿದ.

ಗುರುಗಳು ಕತೆಯನ್ನು ಅಲ್ಲಿಗೇ ಬಿಟ್ಟರು.

ಶ್ರೀವತ್ಸನಿಗೆ ಬಹಳ ಸಂತೋಷವಾಯಿತು. ಹೊಟ್ಟೆ ತುಂಬ ನಕ್ಕ. ಬಂದಾಗಿನಿಂದ ಎದೆಯ ಮೇಲೆ ಕುಳಿತಿದ್ದ ಭಾರ ಎಷ್ಟೋ ಇಳಿಯಿತು. ಎಂಥ ಪೆದ್ದ ಈ ವ್ಯಾಪಾರಿ, ನೋಡಬೇಕಾದದ್ದು ಅವಳ ಕೈಯನ್ನಲ್ಲ, ತನ್ನ ಕೈಯನ್ನು ಎಂದು ತಾನೇ ಕತೆಗೆ ಅರ್ಥವನ್ನೂ ಹೇಳಿಬಿಟ್ಟ. ಆದರೆ ಅದು ಹೊಳೆ ದಾಟುವ ಮಾತು, ಇದು ಸಂಗೀತದ ಮಾತು. ಆ ವ್ಯಾಪಾರಿಗೆ ಹೊಳೆಯ ವಿದ್ಯೆ ಗೊತ್ತಿರಲಿಲ್ಲ, ತನಗೆ ಸಂಗೀತ ಗೊತ್ತಿದೆ. ಇಡೀ ಸಂಜೆ ಅವಳನ್ನು ಕಿವಿಗೊಟ್ಟು ಕೇಳಿಯೇ ಈ ಮಾತು ಹೇಳುತ್ತಿದ್ದೇನೆ ಎಂದು ವಿನಯದಿಂದಲೇ ವಾದಿಸಿದ.

ಗುರುಗಳು ಪತ್ರಿಕೆಯನ್ನು ಅವನ ಕಡೆ ತಿರುಗಿಸಿದರು. ಪಟದ ಮೇಲೆ ಬೆರಳಿಟ್ಟರು.

ಆ ಪಟವನ್ನು ಶ್ರೀವತ್ಸ ದಿನಕ್ಕೆ ಎಷ್ಟು ಸಲ ನೋಡಿದ್ದನೋ. ನೋಡಿದಾಗಲೆಲ್ಲ ತನ್ನ ಮುಖವನ್ನೇ ನೋಡಿದ್ದ. ಗುರುಗಳ ಬೆರಳು ಮುಖದ ಮೇಲಿರಲಿಲ್ಲ. ಪಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ 'ಪಲ್ಲವಿಯ ನಡುವೆ' ಎಂದಿತ್ತು. ಪಟದಲ್ಲಿ ಅವನ ಎರಡೂ ಕೈ ಭುಜಕ್ಕಿಂತ ಮೇಲೆ ಎದ್ದಿದ್ದವು, ಬೆರಳುಗಳೆಲ್ಲ ಬಿಡಿಸಿಕೊಂಡಿದ್ದವು. ತೊಡೆಯ ಮೇಲೆ ಪಂಚೆಯ ಮಡಿಕೆ ಬಿಟ್ಟರೆ ಬೇರೇನೂ ಇರಲಿಲ್ಲ. ಅವನ ಹಿಂದೆ, ಅರೆಬೆಳಕಿನಲ್ಲಿ, ಹುಡುಗಿ ವಾದ್ಯದ ಮೇಲೆ ಬಾಗಿ ಅವನ ಬೆನ್ನನ್ನೇ ನೋಡುತ್ತಿದ್ದಳು.

ಗುರುಗಳು ಮೆಲ್ಲಗೆ ಕೇಳಿದರು.

"ಈ ಹೊತ್ತಿನಲ್ಲಿ ತಾಳವನ್ನು ಯಾರ ಕೈಗೆ ಕೊಟ್ಟಿದ್ದೆಯಪ್ಪ?"

ಶ್ರೀವತ್ಸ ಬಲಗೈಯನ್ನು ತೊಡೆಯಿಂದ ಎತ್ತಿ ನೋಡಿಕೊಂಡ. ಆಮೇಲೆ ಚೀಲದಿಂದ ಬಿಳಿ ಹಾಳೆಯನ್ನು ತೆಗೆದ.