ಸ್ನಾನದ ದೃಶ್ಯಕ್ಕೆ ಮಂಗಳಾರತಿ

ಸಾಹುಕಾರ ಚನ್ನವೀರಪ್ಪನವರು ಭಕ್ತಿಚಿತ್ರವೆಂದು ಹೇಳಿಕೊಂಡು, ಕಲ್ಯಾಣಿಯಲ್ಲಿ ಭಕ್ತೆಯೊಬ್ಬಳ ಸ್ನಾನದ ದೃಶ್ಯ ಚಿತ್ರೀಕರಿಸಿದ್ದರು.

"ಸೆನ್ಸಾರಿನವರು ಇದನ್ನು ಕತ್ತರಿಸಿದರೆ ನಿನ್ನ ಕೆಲಸವೂ ಹೋಯಿತು ಅಂತ ತಿಳಿ" ಎಂದರು, ಫಿಲಂ ಅಂಟಿಸುವ ನಂಜುಂಡಾಚಾರಿಗೆ.

ಆಚಾರಿ ದೈವಭಕ್ತ. ಮನೆ ತುಂಬ ಮಕ್ಕಳು. ಸೆನ್ಸಾರ್ ಅಧಿಕಾರಿ ಆಚಾರವಂತರೆಂದು ಅವನಿಗೆ ಗೊತ್ತಿತ್ತು. ಸ್ನಾನಕ್ಕೆ ಮೊದಲು ಮಂಗಳಾರತಿ ಅಂಟಿಸಿದ. ಗಂಟೆಯ ಸದ್ದನ್ನು ಸ್ನಾನ ಮುಗಿಯುವವರೆಗೂ ಎಳೆದ.

ಗಂಟೆ ಕೇಳಿದೊಡನೆ ಅಧಿಕಾರಿಗಳು ಎದ್ದು, ಕೈಮುಗಿದು, ಕಣ್ಣು ಮುಚ್ಚಿದರು. ಅದು ನಿಂತ ಮೇಲೆ ಕೆನ್ನೆ ತಟ್ಟಿಕೊಂಡು ಕುಳಿತರು.

"ಒಳ್ಳೆಯ ಚಿತ್ರ. ಏನೂ ತೆಗೆಯಬೇಡಿ."

ಟೆಂಟ್ ಸಿನಿಮಾದಲ್ಲಿ ಜನರೂ ಹಾಗೆಯೇ ಕಣ್ಣು ಮುಚ್ಚುತ್ತಾರೆಂದು ಆಚಾರಿ ನಂಬಿದ್ದ. ಜನ ಎದ್ದರು, ಕೈಮುಗಿದರು. ಒಬ್ಬರೂ ಕಣ್ಣು ಮುಚ್ಚಲಿಲ್ಲ.

ಸಾಹುಕಾರರು ಅವನ ಹೆಗಲು ತಟ್ಟಿದರು. "ಇನ್ನು ನಮ್ಮ ಚಿತ್ರಗಳಿಗೆಲ್ಲ ನೀನೇ ಭಕ್ತಿ ಸೇರಿಸಬೇಕಪ್ಪ."

ಆಚಾರಿ ಆಗಲೆಂದು ತಲೆಯಾಡಿಸಿದ. ಅಂದಿನಿಂದ ಅವನ ಮನೆಯಲ್ಲಿ ದೇವರ ಪೂಜೆಯನ್ನು ಹೆಂಡತಿಯೇ ಮಾಡುತ್ತಾಳೆ.