ಕಡಲಾಮೆ ಬರೆದ ಪಾಠಕ್ರಮ

ಕಡಲಾಮೆಯೊಂದು ಮರಳಿನಲ್ಲಿ ಮೊಟ್ಟೆಯಿಟ್ಟು, ಮರಿಗಳಿಗೆ ಕಲಿಸಬೇಕಾದ ಪಾಠಗಳನ್ನೆಲ್ಲ ಬರೆದು ದಡದ ಏಡಿ ಮೇಷ್ಟರಿಗೆ ಒಪ್ಪಿಸಿತು. "ಮೊದಲು ಮರಳಿನ ಪರಿಚಯ, ಆಮೇಲೆ ಗಾಳಿ, ಆಮೇಲೆ ಅಲೆ. ನೀರಿಗಿಳಿಯುವುದು ಕಟ್ಟಕಡೆಗೆ. ಕ್ರಮ ತಪ್ಪಕೂಡದು" ಎಂದು ತಾಕೀತು ಮಾಡಿ ಕಡಲಿಗೆ ಹೋಯಿತು.

ಮೊಟ್ಟೆ ಒಡೆದದ್ದೇ ತಡ, ಮರಿಗಳು ನೀರಿನತ್ತ ದೌಡಾಯಿಸಿದವು. ಏಡಿ ಅಡ್ಡ ನಿಂತಿತು. "ನಿಲ್ಲಿ, ನಿಲ್ಲಿ! ಇನ್ನೂ ಮರಳಿನ ಪಾಠವೇ ಆಗಿಲ್ಲ."

"ಮರಳೊಳಗೇ ಹುಟ್ಟಿದವರಿಗೆ ಮರಳಿನ ಪಾಠ ಯಾಕೆ, ಮೇಷ್ಟ್ರೇ?" ಎಂದಿತು ಮುಂದಿದ್ದ ಮರಿ.

ಏಡಿ ಕಣ್ಣೆತ್ತಿ ನೋಡಿತು. ಮೇಲೆ ಹದ್ದು ಸುತ್ತತೊಡಗಿತ್ತು. ಬಿಟ್ಟರೆ ಕ್ರಮ ಕೆಡುತ್ತದೆ, ತಡೆದರೆ ಮಕ್ಕಳೇ ಉಳಿಯುವುದಿಲ್ಲ. ಮತ್ತೆ ಮೊಟ್ಟೆಯಿಡಲು ಬಂದು ಅಲೆಯಲ್ಲಿ ತೇಲುತ್ತಿದ್ದ ಆಮೆಯನ್ನು ಕಂಡು ಏಡಿ ಕೂಗಿತು: "ಅಮ್ಮಾ, ಮರಿಗಳು ಮೊದಲ ಪಾಠಕ್ಕೇ ನಿಲ್ಲುತ್ತಿಲ್ಲ! ಮರಿಗಳೆಂದರೆ ಹೀಗೆಯೇ?"

"ನನಗೇನು ಗೊತ್ತು? ಮೊಟ್ಟೆಯಿಟ್ಟ ಮೇಲೆ ತಿರುಗಿ ನೋಡುವುದು ನಮ್ಮ ಕುಲದಲ್ಲಿಲ್ಲ. ಮರಿಗಳನ್ನು ನಾನು ಕಂಡವಳೇ ಅಲ್ಲ. ಆದರೆ ಪಾಠವನ್ನು ಬಹಳ ಯೋಚಿಸಿ ಬರೆದಿದ್ದೇನೆ. ನಿಲ್ಲಿಸಿ."

ಹದ್ದಿನ ನೆರಳು ಕೆಳಗಿಳಿಯಿತು. ಏಡಿ ಪಕ್ಕಕ್ಕೆ ಸರಿಯಿತು. ಅದಕ್ಕೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಅದೊಂದೇ. ಮರಿಗಳು ನೀರಿಗೆ ಬಿದ್ದು ಆಮೆಯ ಪಕ್ಕದಲ್ಲೇ ಈಜಿ ಹೋದವು.

ಆಮೆ ಮೆಚ್ಚಿ ತಲೆದೂಗಿತು. "ಯಾರ ಮಕ್ಕಳೋ, ಎಷ್ಟು ಚೆನ್ನಾಗಿ ಕಲಿತಿವೆ! ಇವಕ್ಕೆ ಪಾಠ ಬರೆದುಕೊಟ್ಟವರು ಯಾರೆಂದು ಸ್ವಲ್ಪ ವಿಚಾರಿಸಿ, ಮೇಷ್ಟ್ರೇ."

ಯಾರ ಹೆಸರು ಹೇಳುವುದೆಂದು ಏಡಿ ಇನ್ನೂ ಯೋಚಿಸುತ್ತಲೇ ಇದೆ.